ಸೋಮವಾರದ ಲೈನು ಮತ್ತು ನಮ್ಮ ಅಕ್ಕಾರು

ಅಕ್ಕಾರು ತೀರಿಕೊಂಡ ಸುದ್ದಿ ನನಗೆ ಮೊದಲು ಬರಲಿಲ್ಲ. ಬಾದಾಮಿ ಊರಿನ ನಮ್ಮ ಅಂಗಡಿಗೆ ಬಂತು, ಹುನಗುಂದಕ್ಕೆ ಬಂತು, ಬಾಗಲಕೋಟೆಯ ಗುಮಾಸ್ತರಿಗೂ ಬಂತು. ಇಳಕಲ್ಲಿನ ಕಚೇರಿಯಲ್ಲಿ ಅವರ ಎದುರು ಮೇಜಿನಲ್ಲೇ ವರ್ಷಗಟ್ಟಲೆ ಕೂತ ನನಗೆ ಎಲ್ಲರಿಗಿಂತ ಕೊನೆಗೆ ಬಂತು. ಸಾವಿನ ಸುದ್ದಿ ಕೇಳಿದವನಿಗೆ ಮೊದಲು ಅಳು ಬರಬೇಕು. ನನಗೆ ಮೊದಲು ಬಂದದ್ದು, ಬಾದಾಮಿಯ ಅಂಗಡಿಯವಳಿಗೆ ನನಗಿಂತ ಮೊದಲು ಏಕೆ ಹೇಳಿದರು ಎಂಬ ಕಿಚ್ಚು. ಅಳು ಆಮೇಲೆ ಬಂತು.

ಅವರ ಹೆಸರು ಹೇಳುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರೇ ಇರಲಿಲ್ಲ. ವಯಸ್ಸಿನಲ್ಲಿ ಹಿರಿಯರಾದವರಿಗೂ ಅವರು ಅಕ್ಕಾರೇ. ಶಿರೂರಿನಲ್ಲಿ ಹುಟ್ಟಿ, ಇಳಕಲ್ಲಿನ ಶಾಲೆಯ ಮಾಸ್ತರರೊಬ್ಬರ ಹೆಂಡತಿಯಾಗಿ ಬಂದು, ನಮ್ಮ ಸೀರೆ ಸಂಘದಲ್ಲಿ ಬಿಲ್ಲು ಮಾಡುವ ಕೆಲಸಕ್ಕೆ ಸೇರಿದವರು. ನಾನು ಅದೇ ಸಂಘದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅವರು ಬರುವುದಕ್ಕೆ ಮುಂಚಿನಿಂದಲೂ ಇದ್ದವನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ಸಂಘದ ಕಾರ್ಯದರ್ಶಿ ಒಬ್ಬ ಹಿರಿಯರು, ಊರಿಗೆಲ್ಲ ಕಾಕಾ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೋಪಿ, ಮಾತು ಬಲು ಕಡಿಮೆ. ನನ್ನ ತಂದೆ ತೀರಿಕೊಂಡ ಮೇಲೆ ನನ್ನನ್ನು ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದಿಸಿ ಕೆಲಸಕ್ಕೆ ಹಚ್ಚಿದವರು ಅವರೇ. ಕಾಕಾ ಯಾರನ್ನೂ ಎದುರಿಗೆ ಹೊಗಳುವವರಲ್ಲ. ಕೆಲಸ ಚೆನ್ನಾಗಿದ್ದರೂ 'ಹೂಂ', ಕೆಟ್ಟಿದ್ದರೂ 'ಹೂಂ'. ಯಾವ ಹೂಂಗೆ ಯಾವ ಅರ್ಥವೆಂದು ತಿಳಿಯುವುದರಲ್ಲೇ ನನ್ನ ಪ್ರಾಯ ಕಳೆಯಿತು. ನನಗೆ ಬೇಕಾಗಿದ್ದದ್ದು ಒಂದೇ ಒಂದು. ನಾಲ್ಕು ಮಂದಿಯ ಎದುರಿಗೆ ಕಾಕಾ ಒಮ್ಮೆಯಾದರೂ ನನ್ನ ಕಡೆ ಕೈ ತೋರಿಸಿ, ಇದು ಇವನು ಮಾಡಿದ್ದು ಅನ್ನಬೇಕು. ಅಂಥ ಮಾತು ಬೇರೆ ಹುಡುಗರಿಗೆ ಅವರ ಅಪ್ಪಂದಿರು ಹೇಳುತ್ತಾರಂತೆ. ನನಗೆ ಹೇಳಬೇಕಾದವರು ಇವರೊಬ್ಬರೇ ಉಳಿದಿದ್ದರು.

ಅದಕ್ಕಾಗಿಯೇ ನಾನು ಸಂಘದ ನಾಲ್ಕೂ ಊರಿನ ಅಂಗಡಿಗಳನ್ನು ಒಂದಕ್ಕೊಂದು ಜೋಡಿಸುವ ಸಾಹಸಕ್ಕೆ ಕೈ ಹಾಕಿದ್ದು. ಇಳಕಲ್ಲಿನ ಕಚೇರಿಯ ಮೂಲೆಯಲ್ಲಿ ಒಂದು ದೊಡ್ಡ ಕಂಪ್ಯೂಟರು ಇಟ್ಟೆವು. ಯಾವ ಸೀರೆ ಎಲ್ಲಿದೆ, ಯಾವುದು ಮುಗಿಯಿತು, ಎಲ್ಲ ಅದರ ಹೊಟ್ಟೆಯಲ್ಲಿ. ಬಾದಾಮಿಗೆ ಬಂದ ಗಿರಾಕಿ ದಾಳಿಂಬೆ ಬಣ್ಣದ ಒಡಲು, ಟೋಪ ತೆನಿ ವಿನ್ಯಾಸದ ಸೆರಗು ಬೇಕು ಅಂದರೆ, ಅಲ್ಲಿನವರು ತಮ್ಮ ಕಂಪ್ಯೂಟರಿನಿಂದಲೇ ಇಂಟರ್ನೆಟ್ ಮೂಲಕ ನಮ್ಮ ದೊಡ್ಡ ಕಂಪ್ಯೂಟರಿನ ಒಳಗೆ ಬಂದು ನೋಡಬಹುದು. ಇದೆ ಅಂದರೆ ಮರುದಿನದ ಬಸ್ಸಿಗೆ ಗಂಟು ಹೋಗುತ್ತದೆ. ಇಲ್ಲವೆಂದರೆ ಗಿರಾಕಿಗೆ ಬೇರೆ ಸೀರೆ ತೋರಿಸಬಹುದು. ಕಾಕಾ ನೋಡಿದರು, ಹೂಂ ಎಂದರು.

ತೊಂದರೆ ಶುರುವಾದದ್ದು ಒಳಗೆ ಬರುವ ದಾರಿಯಲ್ಲಿ. ನಾವು ಇಲ್ಲಿಂದ ಹೊರಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಮೇಲ್ ಹೋಗುತ್ತಿತ್ತು, ವಾಟ್ಸಾಪ್ ಬರುತ್ತಿತ್ತು, ಕಾಕಾ ತಮ್ಮ ಕಂಪ್ಯೂಟರಿನಲ್ಲಿ ವಚನ ಗಾಯನ ಹಚ್ಚಿದರೆ ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ಆದರೆ ಬಾದಾಮಿ, ಹುನಗುಂದ, ಬಾಗಲಕೋಟೆಯವರು ಹೊರಗಿನಿಂದ ಒಳಗೆ ಬರಲು ಹೊರಟರೆ ಒಂದು ದಿನ ಬಾಗಿಲು ತೆರೆದಿರುತ್ತಿತ್ತು, ಇನ್ನೊಂದು ದಿನ ಮುಚ್ಚಿರುತ್ತಿತ್ತು. ಪೂರ್ತಿ ಕೆಟ್ಟ ಲೈನನ್ನು ದುರಸ್ತಿ ಮಾಡುವುದು ಸುಲಭ. ಆಗಾಗ ಕೆಡುವ ಲೈನು ಮನುಷ್ಯನ ಮಾನ ಕಳೆಯುತ್ತದೆ. ಯಾರನ್ನಾದರೂ ಕರೆತಂದು ತೋರಿಸುವ ಹೊತ್ತಿಗೆ ಅದು ಮದುವೆಗೆ ಬಂದ ಅಳಿಯನ ಹಾಗೆ ಒಳ್ಳೆಯದಾಗಿ ಕೂತಿರುತ್ತದೆ.

ನಾನು ಮಾಡದ್ದು ಉಳಿಯಲಿಲ್ಲ. ವೈರು ಬದಲಿಸಿದೆ. ಲೈನನ್ನು ಎಲ್ಲ ಕಂಪ್ಯೂಟರುಗಳಿಗೆ ಹಂಚುವ ಸಣ್ಣ ಪೆಟ್ಟಿಗೆ, ಅಂದರೆ ರೂಟರು, ಅದನ್ನೂ ಬದಲಿಸಿದೆ. ನಮ್ಮ ಹೊರಗಿನ ವಿಳಾಸ ಬದಲಾಗುತ್ತಿರಬಹುದೆಂದು ಲೈನು ಕೊಟ್ಟವರ ಬೆನ್ನು ಹತ್ತಿ ಕಾಯಂ ವಿಳಾಸ ಮಾಡಿಸಿಕೊಂಡೆ. ಅವರ ಕಡೆಯವರು ಬಂದು ವೇಗ ಅಳೆದು, ನಿಮ್ಮ ನೆಟ್ ಛಲೋ ಐತ್ರಿ ಎಂದು ಹೇಳಿ ಹೋಗುತ್ತಿದ್ದರು. ಹೆಚ್ಚು ದೂರು ಬರುತ್ತಿದ್ದದ್ದು ಸೋಮವಾರ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ನಾನು ಬಸ್ಸು ಹತ್ತಿ ಬಾದಾಮಿಗೆ ಹೋಗಿ ಕೂಡುತ್ತಿದ್ದೆ. ತಪ್ಪು ಆ ತುದಿಯಲ್ಲೇ ಇರಬೇಕೆಂದು ನನ್ನ ಲೆಕ್ಕ. ಅಲ್ಲಿ ಏನೂ ಸಿಗುತ್ತಿರಲಿಲ್ಲ. ಮಂಗಳವಾರ ಎಲ್ಲರಿಗಿಂತ ಮುಂಚೆ ಇಳಕಲ್ಲಿನ ಕಚೇರಿಗೆ ಬಂದು ರೂಟರನ್ನೂ ದೊಡ್ಡ ಕಂಪ್ಯೂಟರನ್ನೂ ಆರಿಸಿ ಮತ್ತೆ ಚಾಲೂ ಮಾಡಿದರೆ ಎಲ್ಲ ಸರಿಯಾಗಿಬಿಡುತ್ತಿತ್ತು. ಬಂತು ನೋಡ್ರಿ ಎಂದು ಬಾದಾಮಿಗೆ ಫೋನು ಮಾಡುವಾಗ ನನ್ನ ದನಿಯಲ್ಲಿ ತುಸು ಜಂಬವೂ ಇರುತ್ತಿತ್ತು.

ಇನ್ನು ಅಕ್ಕಾರ ವಿಷಯ. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಪರದೆಯ ಮೇಲೆ ಏನು ಕೇಳಿದರೂ ಓದದೆ ಹೌದು ಎಂದು ಒತ್ತುವರು, ಆಮೇಲೆ ನನ್ನನ್ನು ಕೂಗುವರು. ಕಚೇರಿಗೆ ತಡವಾಗಿ ಬರುವುದು ಅವರ ಹಕ್ಕು. ಬರುವ ದಾರಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಜಗಳ, ಎಲ್ಲ ನೋಡಿಕೊಂಡು ಬರುವುದಾದರೆ ತಡವಾಗದೆ ಏನಾದೀತು? ಮಧ್ಯಾಹ್ನ ಊಟವಾದ ಮೇಲೆ ಸೀರೆಯ ಗಂಟುಗಳಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದರು. ನಾನು ಒಮ್ಮೆ ಮೇಜಿನ ಮೇಲೆ ಕಣ್ಣು ಮುಚ್ಚಿದ್ದಕ್ಕೆ ಕಾಕಾ ಕೆಮ್ಮಿ ಎಬ್ಬಿಸಿದ್ದರು. ಅಕ್ಕಾರು ನಿದ್ದೆ ಹೋದರೆ ಅದೇ ಕಾಕಾ ವಚನ ಗಾಯನದ ದನಿ ಸಣ್ಣದು ಮಾಡುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೆನ್ನು ಇಸಿದುಕೊಂಡರೆ ತಿರುಗಿ ಕೊಟ್ಟವರಲ್ಲ. ಗುಟ್ಟು ಅವರ ಹೊಟ್ಟೆಯಲ್ಲಿ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ತಮ್ಮ ಕೆಲಸ ತಾವೇ ಹೊಗಳಿಕೊಳ್ಳಲು ಒಂದಿಷ್ಟೂ ನಾಚಿಕೆಯಿಲ್ಲ. ಹೀಗಿದ್ದೂ ಲೈನು ಕೆಟ್ಟರೆ ಮೂರೂ ಊರಿನವರು ಫೋನು ಮಾಡುತ್ತಿದ್ದದ್ದು ಅವರಿಗೆ. ಗಿರಮಿಟ್ಟು, ಚಹಾ ಕೊಟ್ಟು ಅಭ್ಯಾಸ ಮಾಡಿಸಿದ್ದರಿಂದ ಲೈನಿನ ಕಂಪನಿಯ ಹುಡುಗರೂ ಅವರು ಕರೆದರೆ ಅದೇ ದಿನ ಬರುತ್ತಿದ್ದರು. ನಾನು ಕರೆದರೆ ದೂರು ದಾಖಲಾಗಿದೆ ಎಂಬ ಮೆಸೇಜು ಬರುತ್ತಿತ್ತು. ಬಾದಾಮಿಯ ಅಂಗಡಿ ನೋಡಿಕೊಳ್ಳುವ ಹೆಣ್ಣುಮಗಳು ಬನಶಂಕರಿಯಿಂದ ದಿನಾ ಬಂದು ಹೋಗುವವಳು. ಆಕೆಯೊಂದಿಗೆ ಅಕ್ಕಾರು ಮಾತಿಗೆ ಕೂತರೆ ಅತ್ತೆಯ ಮೊಣಕಾಲಿನಿಂದ ಶುರುವಾಗಿ ಬದನೆಕಾಯಿಯವರೆಗೆ ಹೋಗಿ, ಆಮೇಲೆ ಎಲ್ಲೋ ಲೈನಿನ ಮಾತು ಬರುತ್ತಿತ್ತು. ನಾನು ಮಾಡುವ ಫೋನಾದರೆ ಬಂತೋ ಇಲ್ಲೋ ಎರಡರಲ್ಲಿ ಒಂದು ಹೇಳ್ರಿ ಎಂದು ಕೇಳಿ ಇಟ್ಟುಬಿಡುವ ಬಗೆಯದು. ಕೊನೆಗೆ ಫೋನು ನನ್ನ ಕೈಗೇ ಬರುತ್ತಿತ್ತೆನ್ನಿ. ತಮ್ಮಾ, ಬಾದಾಮಿಯಾಕಿ ನೋಡು ಎಂದು ಅಕ್ಕಾರು ದಾಟಿಸುತ್ತಿದ್ದರು. ಕೆಲಸ ನನ್ನದು, ಕರೆ ಅವರದು.

ಒಂದು ಮಂಗಳವಾರ ರೊಟ್ಟಿ ಬಿಚ್ಚುವ ಹೊತ್ತಿಗೆ ಅಕ್ಕಾರು ಎಲ್ಲರ ಎದುರು ಹೇಳಿದರು:

"ತಮ್ಮಾ, ಬಾದಾಮಿಯಾಕಿ ಏನಂದ್ಲು ಗೊತ್ತೈತೇನು? ಕಾಕಾ ಸಂಗಮಕ್ಕ ಹೋದ ಸೋಮಾರ ಅಷ್ಟ ಅಕಿಗೆ ಲೈನ್ ಸಿಗ್ತೈತಂತ. ಕಾಕಾ ಆಫೀಸಿನ್ಯಾಗ ಕುಂತ್ರ ಸಿಗಂಗಿಲ್ಲಂತ."

ಎಲ್ಲರೂ ನಕ್ಕರು. ಕಾಕಾ ಆಗೊಂದು ಈಗೊಂದು ಸೋಮವಾರ ಕೂಡಲಸಂಗಮಕ್ಕೆ ಹೋಗಿಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ನನಗೆ ಮೈಯೆಲ್ಲ ಉರಿದುಹೋಯಿತು. ಇದು ಯಂತ್ರ, ಮಾಟ ಮಂತ್ರವಲ್ಲ, ದೇವರ ದರ್ಶನಕ್ಕೆ ಹೋದವರ ಪುಣ್ಯದಿಂದ ಲೈನು ಬರುವುದಾದರೆ ನಾನೇ ಕಾವಿ ಉಟ್ಟು ಸಂಗಮದಲ್ಲಿ ಕೂಡುತ್ತೇನೆ ಎಂದೆ. ಅಕ್ಕಾರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುತ್ತ ಅವರು ಹೇಳಿದ ಮಾತು ನನಗೆ ಈಗಲೂ ಹಾಗೇ ನೆನಪಿದೆ.

"ನೀ ಪೆಟಗಿನ್ನ ಕೇಳ್ತಿ, ನಾ ಮಂದಿನ್ನ ಕೇಳ್ತೇನಿ. ಪೆಟಗಿ ಸುಳ್ಳ ಹೇಳಂಗಿಲ್ಲ ಖರೆ. ಆದ್ರ ಕೇಳಿದ್ದಕ್ಕಷ್ಟ ಹೇಳ್ತೈತಿ. ಬರೂ ಸೋಮಾರ ನೀ ಬಾದಾಮಿಗೆ ಹೋಗಬ್ಯಾಡ. ಇಲ್ಲೇ ಕುಂತು ಕಣ್ಣಲೆ ನೋಡು."

ಅವರ ಮಾತು ಸುಳ್ಳು ಮಾಡಿ ತೋರಿಸಬೇಕೆಂದೇ ಆ ಸೋಮವಾರ ನಾನು ಇಳಕಲ್ಲಿನಲ್ಲಿ ಉಳಿದೆ.

ಸೋಮವಾರ ನಮ್ಮಲ್ಲಿ ಪೂಜೆ. ಅದು ನನಗೂ ಗೊತ್ತಿತ್ತು, ಆದರೆ ಬಾದಾಮಿಯ ಬಸ್ಸಿನಲ್ಲಿರುತ್ತಿದ್ದವನು ಎಷ್ಟೋ ಕಾಲದಿಂದ ಅದನ್ನು ನೋಡಿರಲಿಲ್ಲ. ಜವಾನ ಮೊದಲು ಮೇನ್ ಸ್ವಿಚ್ಚು ಆರಿಸಿದ, ಇನ್ವರ್ಟರನ್ನೂ ಬಂದ್ ಮಾಡಿದ; ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಕರೆಂಟು ಹೊಡೆಯಬಾರದಲ್ಲ. ತಕ್ಕಡಿ, ಕಪಾಟು, ಕಂಪ್ಯೂಟರುಗಳು, ಗೋಡೆಯ ಮೇಲಿನ ರೂಟರು, ಒಂದನ್ನೂ ಬಿಡದೆ ಒರೆಸಿ ವಿಭೂತಿ ಎಳೆದ. ಮಂಗಳಾರತಿ ಆಯಿತು, ಸಕ್ಕರೆ ಹಂಚಿದರು, ಸ್ವಿಚ್ಚು ಹಾಕಿದರು. ಆಮೇಲೆ ಎಲ್ಲರೂ ಕೈ ಕಟ್ಟಿ ನಿಂತರು. ಕಾಕಾ ಹೋಗಿ ತಮ್ಮ ಕಂಪ್ಯೂಟರು ಚಾಲೂ ಮಾಡಿ, ವಚನ ಗಾಯನ ಕೇಳತೊಡಗಿದ ಮೇಲೆಯೇ ಉಳಿದವರು ತಮ್ಮ ತಮ್ಮ ಕಂಪ್ಯೂಟರು ಮುಟ್ಟಿದರು. ಹಿರಿಯರಿಗಿಂತ ಮೊದಲು ನಮ್ಮದು ಹಚ್ಚುವುದು ಮರ್ಯಾದೆಯಲ್ಲವೆಂಬ ರೂಢಿ. ಮೂಲೆಯ ದೊಡ್ಡ ಕಂಪ್ಯೂಟರು ಯಾರಿಗೋ ನೆನಪಾಗಿ ಎಲ್ಲದಕ್ಕಿಂತ ಕೊನೆಗೆ ಎದ್ದಿತು. ಕಾಕಾ ಊರಲ್ಲಿಲ್ಲದ ಸೋಮವಾರ ಏನು ಮಾಡುತ್ತೀ ಎಂದು ಜವಾನನನ್ನು ಕೇಳಿದೆ. ಆಗ ದೊಡ್ಡದನ್ನೇ ಮೊದಲು ಹಚ್ಚುತ್ತೇನೆ, ಹಿರಿಯರಿಲ್ಲದಾಗ ಅದೇ ದೊಡ್ಡದಲ್ಲೇನ್ರಿ ಎಂದ.

ನನಗೆ ಅಲ್ಲೇ ಎಲ್ಲ ತಿಳಿದುಹೋಯಿತು. ರೂಟರು ತನ್ನ ಬಳಿ ಬಂದ ಕಂಪ್ಯೂಟರುಗಳಿಗೆ ಬಂದ ಸರದಿಯಂತೆ ನಂಬರು ಹಂಚುತ್ತದೆ. ಹೊರಗಿನಿಂದ ಬಂದವರನ್ನೆಲ್ಲ ಮೊದಲ ನಂಬರಿನವರ ಹತ್ತಿರ ಕಳಿಸು ಎಂದು ನಾನು ಅದಕ್ಕೆ ಹೇಳಿಟ್ಟಿದ್ದೆ. ದೊಡ್ಡ ಕಂಪ್ಯೂಟರು ಹಗಲೂ ರಾತ್ರಿ ಚಾಲೂ ಇರುತ್ತದೆ, ಅದರ ನಂಬರು ಬದಲಾಗುವ ಮಾತೇ ಇಲ್ಲವೆಂದು ನನ್ನ ನಂಬಿಕೆ. ಸೋಮವಾರ, ಇಲ್ಲವೆ ಇನ್ವರ್ಟರೂ ಸೋಲುವಷ್ಟು ಕರೆಂಟು ಹೋದ ದಿನ, ಎಲ್ಲ ಒಟ್ಟಿಗೆ ಆರಿ ಒಟ್ಟಿಗೆ ಎದ್ದಾಗ, ಮೊದಲ ನಂಬರು ಕಾಕಾರ ಪಾಲಾಗುತ್ತಿತ್ತು. ಬಾದಾಮಿಯವಳು ಸೀರೆ ಹುಡುಕಿಕೊಂಡು ಬಂದು ಕಾಕಾರ ಕಂಪ್ಯೂಟರಿನ ಎದುರು ನಿಲ್ಲುತ್ತಿದ್ದಳು, ಅಲ್ಲಿ ಸೀರೆ ಎಲ್ಲಿಂದ ಬರಬೇಕು. ಮಂಗಳವಾರ ನಾನು ಬಂದು ದೊಡ್ಡದನ್ನು ಮೊದಲು ಎಬ್ಬಿಸುತ್ತಿದ್ದೆ, ಸರಿಹೋಗುತ್ತಿತ್ತು.

ತಿಳಿಯುವುದೇನೋ ತಿಳಿಯಿತು, ಹೇಳುವುದು ಹೇಗೆ? ಕಾಕಾ, ನೀವು ಮೊದಲು ಹಚ್ಚುವುದರಿಂದಲೇ ಈ ತೊಂದರೆ ಎಂದು ನಾನು ಯಾವ ಬಾಯಿಂದ ಹೇಳಲಿ? ಸಂಜೆ ಅವರೊಬ್ಬರೇ ಇದ್ದಾಗ ಹೇಗಾದರೂ ತಿಳಿಸೋಣವೆಂದುಕೊಂಡೆ. ನನ್ನ ಮುಖ ನೋಡಿ ಅಕ್ಕಾರು ಏನಾತು ಎಂದು ಕೇಳಿದರು. ನಾನು ಸಣ್ಣ ದನಿಯಲ್ಲಿ ಹೇಳಿದೆ. ಅವರಿಗೆ ಸಣ್ಣ ದನಿಯೇ ಇರಲಿಲ್ಲ.

"ಕಾಕಾ, ಬಾದಾಮಿಯವ್ರು ಬಂದು ನಿಮ್ಮ ಬಾಗಲಾ ಬಡ್ಯಾಕತ್ತಾರ. ನೀವು ವಚನಾ ಕೇಳ್ಕೋಂತ ಕುಂತೀರಿ."

ಕಾಕಾ ವಚನ ನಿಲ್ಲಿಸಿ, ಏನು ಎತ್ತ ಎಂದು ಪೂರ್ತಿ ಕೇಳಿಕೊಂಡರು. ಆಮೇಲೆ ನಕ್ಕರು. ಟೋಪಿ ಜಾರುವಷ್ಟು ನಕ್ಕರು. ಅಷ್ಟು ವರ್ಷದಲ್ಲಿ ನಾನು ಅವರ ಹಲ್ಲು ಕಂಡದ್ದು ಅವತ್ತೇ. ಅಕ್ಕಾರ ಕಡೆ ಕೈ ತೋರಿಸಿ, ಈಕಿ ನೋಡ್ರಿ, ಕಳ್ಳನ್ನ ಹಿಡದ್ಲು, ಕಳ್ಳ ನಾನ ಆಗಿದ್ನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಕೈ ತೋರಿಸಿದರು. ಎಲ್ಲರ ಎದುರು. ನಾನು ಎಷ್ಟೋ ವರ್ಷದಿಂದ ಕಾದ ಕೈ ಅದು, ನನ್ನ ಮೇಜು ದಾಟಿ ಎದುರು ಮೇಜಿಗೆ ಹೋಯಿತು. ಅತ್ತ ಎಲ್ಲರೂ ನಗುತ್ತಿರುವಾಗ ಇತ್ತ ನಾನು ರೂಟರಿನಲ್ಲಿ ದೊಡ್ಡ ಕಂಪ್ಯೂಟರಿಗೆ ಮೊದಲ ನಂಬರನ್ನು ಕಾಯಂ ಆಗಿ ಕಟ್ಟಿಹಾಕಿದೆ, ಇನ್ನು ಯಾರು ಮೊದಲು ಎದ್ದರೂ ಅದು ಬೇರೆಯವರಿಗೆ ಹೋಗದಂತೆ. ಚಹಾ ಆರುವಷ್ಟು ಹೊತ್ತಿನ ಕೆಲಸ. ಯಾರೂ ಈ ಕಡೆ ತಿರುಗಲಿಲ್ಲ. ಬಾದಾಮಿಯಿಂದ ಫೋನು ಬಂತು, ಬಂತ್ರಿ ಅಕ್ಕಾರ ಎಂದು. ಅಕ್ಕಾರು ಅದನ್ನು ನನಗೆ ದಾಟಿಸಲೂ ಇಲ್ಲ.

ಆಮೇಲೆ ಆ ಕಥೆ ಹೊತ್ತು ಅವರು ಊರೂರು ತಿರುಗಿದರು. ರಾಮಥಾಳದ ಒಂದು ಮದುವೆಯಲ್ಲಿ ನನ್ನ ಸ್ವಂತ ಸೋದರತ್ತೆಗೇ ಹೇಳಿದ್ದಾರೆ. ಅವರ ಬಾಯಲ್ಲಿ ರೂಟರು ಒಮ್ಮೆ ದ್ವಾರಪಾಲಕನಾಗುತ್ತಿತ್ತು, ಒಮ್ಮೆ ಮಠದಲ್ಲಿ ಊಟದ ಎಲೆ ಹಾಕುವ ಮರಿಸ್ವಾಮಿಯಾಗುತ್ತಿತ್ತು. ನಾನು ಕಥೆಯ ನಡುವೆ ಎಲ್ಲೋ ಸ್ಕ್ರೂಡ್ರೈವರು ಹಿಡಿದು ನಿಂತಿರುತ್ತಿದ್ದೆ. ಮುಂದೆ ನನ್ನ ತಾಯಿಯನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದಾಗ ಅಕ್ಕಾರು ಬುತ್ತಿ ಕಟ್ಟಿಕೊಂಡು ಬಂದರು. ಅವ್ವ ನನ್ನನ್ನು ಹೊರಗೆ ಔಷಧಿ ತರಲು ಕಳಿಸಿ ಅವರನ್ನು ಹಾಸಿಗೆಯ ಪಕ್ಕ ಕೂಡಿಸಿಕೊಂಡಳು. ಔಷಧಿ ಹಿಡಿದು ಬಂದಾಗ ಇಬ್ಬರೂ ನಗುತ್ತಿದ್ದರು. ಏನು ವಿಷಯ ಎಂದರೆ ಇಬ್ಬರೂ ಹೇಳಲಿಲ್ಲ. ಅವ್ವನಿಗೆ ನೋವು ಕಡಿಮೆಯಾಗಿದೆಯೆಂದು ಸಂತೋಷಪಡಬೇಕಾದ ಮಗ ನಾನು, ಆ ನಗುವಿನಲ್ಲಿ ನನಗೆ ಪಾಲಿಲ್ಲವೆಂದು ಕರುಬುತ್ತ ನಿಂತಿದ್ದೆ.

ಅವರನ್ನು ದ್ವೇಷಿಸಿದೆನೇ ಎಂದರೆ ಇಲ್ಲ. ದ್ವೇಷ ಮಾಡಲು ಅವರು ಬಿಡಬೇಕಲ್ಲ. ಒಂದು ವಾರ ಜ್ವರವೆಂದು ಅವರು ಬರದಿದ್ದಾಗ, ಈಗಲಾದರೂ ಫೋನುಗಳು ನನಗೆ ಬರುತ್ತವೆಂದು ಒಳಗೊಳಗೇ ಹಿಗ್ಗಿದ್ದೆ. ಬಂದವು. ಎತ್ತಿದರೆ, ಅಕ್ಕಾರು ಹೆಂಗದಾರ್ರಿ ಎಂಬುದೇ ಪ್ರಶ್ನೆ. ಲೈನು ಹೇಗಿದೆಯೆಂದು ಒಬ್ಬರೂ ಕೇಳಲಿಲ್ಲ. ಹೆಚ್ಚು ಹೇಳುವುದೇನು, ಆ ವಾರ ಕಚೇರಿಯಲ್ಲಿ ನನಗೂ ಹೊತ್ತು ಹೋಗಲಿಲ್ಲ.

ಮೊನ್ನೆ ಸಂಘದ ಸಭಾಗೃಹದಲ್ಲಿ ಅವರಿಗೆ ನುಡಿನಮನ. ಮಲಗಿದಲ್ಲೇ ಹೃದಯ ನಿಂತದ್ದಂತೆ, ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಅವರ ಗಂಡ ಮಾಸ್ತರರು ಬಂದವರಿಗೆಲ್ಲ ಹೇಳುತ್ತಿದ್ದರು. ಮೂರೂ ಊರಿನವರು ಬಂದಿದ್ದರು. ಬಾದಾಮಿಯ ಹೆಣ್ಣುಮಗಳು ಮೊದಲ ಸಾಲಿನಲ್ಲಿ ಕೂತು ಅಳುತ್ತಿದ್ದಳು. ಲೈನಿನ ಕಂಪನಿಯ ಹುಡುಗರೂ ಹಿಂದೆ ನಿಂತಿದ್ದರು. ಕುರ್ಚಿಗಳು ಸಾಲಲಿಲ್ಲ. ನಾನು ಸತ್ತರೆ ಎಷ್ಟು ಕುರ್ಚಿ ಬೇಕಾದಾವು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿದ್ದು ಸುಳ್ಳಲ್ಲ.

ಕಾಕಾ ಕಾರ್ಯದರ್ಶಿ ಸ್ಥಾನ ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ, ನಿನ್ನೆಯದು ಮರೆಯುತ್ತಾರೆ, ಹಳೆಯದನ್ನು ಒಂದರೊಳಗೊಂದು ಬೆರೆಸುತ್ತಾರೆ. ಅವರನ್ನು ಹಿಡಿದು ನಿಲ್ಲಿಸಿ ಮೈಕು ಕೊಟ್ಟರು. ಅಕ್ಕಾರ ನಗು, ಅವರ ನಿದ್ದೆ, ಅವರ ರೊಟ್ಟಿ, ಎಲ್ಲ ನೆನೆದರು. ಆಮೇಲೆ ಸೋಮವಾರ ಬಾದಾಮಿಗೆ ಲೈನು ಸಿಗದ ಕಥೆ ತೆಗೆದರು. ಬಲ್ಲವರೆಲ್ಲ ಸೋತರು, ಕಂಪನಿಯವರು ಕೈಚೆಲ್ಲಿದರು ಎಂದು ಹೇಳಿ, ಕಣ್ಣು ಕಿರಿದು ಮಾಡಿ ಸಭೆಯಲ್ಲಿ ಯಾರನ್ನೋ ಹುಡುಕಿದರು. ಕೋಲು ಹಿಡಿದಿದ್ದ ಕೈ ಎತ್ತಿ ನನ್ನ ಕಡೆ ತೋರಿಸಿದರು.

"ಕಡೀಕ ಅದನ್ನ ಹಿಡದಾಂವ ಇಂವಾ. ನಾ ಓದಿಸಿದ ಹುಡುಗ. ಅದು ಇಂವಾ ಮಾಡಿದ್ದು."

ಸಭೆಯೆಲ್ಲ ನನ್ನತ್ತ ತಿರುಗಿತು. ಬಾದಾಮಿಯವಳಿಗೆ ನಿಜ ಗೊತ್ತಿತ್ತು, ಆಕೆ ತಲೆ ತಗ್ಗಿಸಿದಳು. ಮಾಸ್ತರರಿಗೂ ಗೊತ್ತಿತ್ತು, ಹಿರಿಯರ ಮಾತು ನಡುವೆ ಕಡಿಯಬಾರದೆಂದು ಸುಮ್ಮನಿದ್ದರು. ನಾನೂ ಸುಮ್ಮನೆ ಕೂತಿದ್ದರೆ ಮುಗಿದಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ, ನಂಬರು ಕಟ್ಟಿಹಾಕಿದ್ದು ನಾನೇ. ಬೇಕು ಬೇಕೆಂದು ಕಾದ ಮಾತು, ಕಾದ ಬಾಯಿಂದಲೇ, ಇಷ್ಟು ಮಂದಿಯ ಎದುರು ಬಂದಿತ್ತು. ಇನ್ನೊಮ್ಮೆ ಬರುವಂತಿಲ್ಲ. ಮಾಲೆ ಹಾಕಿದ ಫೋಟೋದಲ್ಲಿ ಅಕ್ಕಾರು ಬಾಯಿತುಂಬ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಕಾಕಾ, ಅದು ನಾ ಅಲ್ರಿ. ಅಕ್ಕಾರು ಮಾಡಿದ್ದು."

ಕಾಕಾ ಫೋಟೋದ ಕಡೆ ತಿರುಗಿ ನೋಡಿದರು. ಹೂಂ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೈಕು ಬಾಯಿಗೆ ಹಿಡಿದೇ ಕೇಳಿದರು.

"ಹಂಗಾದ್ರ ನೀ ಏನ್ ಮಾಡ್ದಿ?"

ನಂಬರು ಕಟ್ಟಿದ್ದು ಹೇಳಬೇಕೆಂದೇ ಬಾಯಿ ತೆರೆದೆ.

"ನಾ ಬಾಜೂಕ ನಿಂತು ಹೊಟ್ಟಿಕಿಚ್ಚು ಪಟ್ನಿರಿ."

ಅಷ್ಟು ಹೊತ್ತು ಅಳುತ್ತಿದ್ದ ಸಭೆ ಒಮ್ಮೆಲೇ ನಕ್ಕಿತು. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ನಕ್ಕರು, ಬಾದಾಮಿಯವಳು ಸೆರಗು ಬಾಯಿಗೆ ಹಿಡಿದು ನಕ್ಕಳು, ಕಾಕಾರ ಟೋಪಿ ಜಾರಿತು. ಎಷ್ಟು ಛಂದ ಹೇಳಿದೆ ಎಂದು ಪಕ್ಕದವರು ಬೆನ್ನು ತಟ್ಟಿದರು. ನಾನು ನಗಿಸಲು ಹೇಳಿದ್ದಲ್ಲ. ಆಗಲೂ ಹೊಟ್ಟೆಕಿಚ್ಚು ಪಡುತ್ತಲೇ ಇದ್ದೆ.